ಆರು ವರ್ಷ ದುಡಿದ ಡೆಲಿವರಿ ಹಬ್ ಬಿಟ್ಟು ಎದುರು ಕಂಪನಿಗೆ ಹೋಗಬೇಕು ಅಂತಿದ್ದೇನೆ, ತಿಳಿದವರು ಹೇಳಿ

ಬನ್ನಿಮಂಟಪ ಹಬ್ | 12 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಕ್ಯಾಶ್ ಎಣಿಸಿ, ಶಟರ್ ಎಳೆದು, ಹಬ್ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋದರೆ ಈ ವಿಷಯ ಬರೆಯಲು ಆಗುವುದಿಲ್ಲ. ಹೆಂಡತಿ ಮುಖ ನೋಡಿದರೆ ಭಯ ಆಗುತ್ತದೆ.

ಮೈಸೂರಿನ ಬನ್ನಿಮಂಟಪದ ಹತ್ತಿರ ಒಂದು ಡೆಲಿವರಿ ಕಂಪನಿಯ ಹಬ್ ನೋಡಿಕೊಳ್ಳುತ್ತೇನೆ. 2019ರ ಮಾರ್ಚ್ 4ಕ್ಕೆ ಸೇರಿದ್ದು. ಆಗ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಿದ್ದೆ. ಕಂಪನಿ ರೋಲ್‌ನಲ್ಲೇ ಇದ್ದೆ, ಪಿಎಫ್ ಮೊದಲ ತಿಂಗಳಿಂದ ಇದೆ. 2022ರ ಜೂನ್‌ನಲ್ಲಿ ಹಬ್ ಇನ್‌ಚಾರ್ಜ್ ಮಾಡಿದರು. ಈಗ 38 ಹುಡುಗರು, ದಿನಕ್ಕೆ ಸುಮಾರು 1,400 ಪಾರ್ಸೆಲ್. ಕೈಗೆ 42 ಸಾವಿರ ಬರುತ್ತದೆ, ಅದರಲ್ಲಿ ಬೇಸಿಕ್ 24 ಸಾವಿರ.

ನಮ್ಮ ಎದುರಾಳಿ ಕಂಪನಿಯವರು ಕರೆದಿದ್ದಾರೆ. ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ನಾಲ್ಕೂ ಸೆಂಟರ್ ನನ್ನ ಕೈಗೆ. 58 ಸಾವಿರ ಅಂತ ಹೇಳಿದ್ದಾರೆ. ಅಮ್ಮ ಮಂಡ್ಯದಲ್ಲೇ ಒಬ್ಬರೇ ಇದ್ದಾರೆ, ಶುಗರ್ ಇದೆ. ಆ ಕಾರಣಕ್ಕೇ ಮನಸ್ಸು ಎಳೆಯುತ್ತಿದೆ.

ತೊಂದರೆ ಮೂರು. ಇನ್‌ಚಾರ್ಜ್ ಆದಾಗ ಸಹಿ ಹಾಕಿದ ಕಾಗದದಲ್ಲಿ, ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ಧಂದೆಯ ಬೇರೆ ಕಂಪನಿ ಸೇರುವಂತಿಲ್ಲ ಅಂತಿದೆ. ಏರಿಯಾ ಮ್ಯಾನೇಜರ್‌ಗೆ ಸುಳಿವು ಸಿಕ್ಕಿ, "ಹೋದ್ರೆ ಕೇಸ್ ಹಾಕ್ತೀವಿ" ಅಂದಿದ್ದಾರೆ. ಎರಡನೆಯದು ನೋಟಿಸ್, 60 ದಿನ. ಹೊಸಬರು ಹದಿನೈದು ದಿನದಲ್ಲಿ ಬನ್ನಿ, ಉಳಿದ ದಿನದ ದುಡ್ಡು ನಾವೇ ಕಟ್ಟುತ್ತೇವೆ ಅನ್ನುತ್ತಾರೆ. ಮೂರನೆಯದು ನನ್ನ ಹುಡುಗರು. ಒಂಬತ್ತು ಜನ "ಅಣ್ಣ ನೀವು ಹೋದ್ರೆ ನಾವೂ ಬರ್ತೀವಿ" ಅಂತಿದ್ದಾರೆ. ಹೊಸ ಕಂಪನಿಯವರೂ ಅದನ್ನೇ ಕೇಳುತ್ತಿದ್ದಾರೆ.

ಏನು ಮಾಡಲಿ?

ವಿಜಯನಗರ 4ನೇ ಹಂತ | 12 ಆಗಸ್ಟ್

ಹೋಗಿ ಅಣ್ಣ. ಯೋಚನೆ ಯಾಕೆ? ಕಂಪನಿಗೆ ನಿಮ್ಮ ಹಬ್ ಬೇಡ ಅನ್ನಿಸಿದರೆ 60 ದಿನ ಕಾಯುತ್ತಾರಾ? ಬೆಳಿಗ್ಗೆ ಮೇಲ್, ಸಂಜೆ ಬೀಗ. ನಮ್ಮ ಅಣ್ಣನಿಗೆ ಹಾಗೇ ಆಯಿತು, ಬೇರೆ ಧಂದೆಯಲ್ಲಿ. ಹದಿನೈದು ದಿನದಲ್ಲಿ ಬಿಡಿ. ಹುಡುಗರನ್ನೂ ಕರೆದುಕೊಂಡು ಹೋಗಿ, ಅವರೂ ಬದುಕಲಿ.

ಮಂಡ್ಯ ವಕೀಲೆ | 13 ಆಗಸ್ಟ್

ಕಾನೂನಿನ ಭಾಗ ನಾನು ಹೇಳುತ್ತೇನೆ. ನಿಮ್ಮ ಕಾಗದ ನೋಡದೆ ಬರೆಯುತ್ತಿದ್ದೇನೆ, ಹೊಸ ಕಡೆ ಸಹಿ ಹಾಕುವ ಮುಂಚೆ ಅದನ್ನು ಹತ್ತಿರದ ಒಬ್ಬರು ವಕೀಲರಿಗೆ ತೋರಿಸಿ.

ಭಾರತೀಯ ಕರಾರು ಕಾಯ್ದೆ 1872ರದು. ಅದರ 27ನೇ ಸೆಕ್ಷನ್ ಪ್ರಕಾರ, ಯಾರನ್ನೇ ಆಗಲಿ ಅವರ ಉದ್ಯೋಗ ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ಅಂದರೆ ಕಾಗದದಲ್ಲಿದ್ದರೂ ನಡೆಯುವುದಿಲ್ಲ. ಕೆಲಸದಲ್ಲಿ ಇರುವಾಗ ಎದುರಾಳಿಗೆ ದುಡಿಯಬೇಡಿ ಅನ್ನುವ ಷರತ್ತು ಬೇರೆ. ಅದು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಆದರೆ ಕೆಲಸ ಮುಗಿದ ಮೇಲೂ ಬಾಗಿಲು ಹಾಕುವ ಷರತ್ತನ್ನು ನಮ್ಮ ಕೋರ್ಟುಗಳು ಒಪ್ಪುತ್ತಾ ಬಂದಿಲ್ಲ. 1980ರ ಒಂದು ಪ್ರಕರಣ ಹೆಚ್ಚುಕಡಿಮೆ ನಿಮ್ಮದೇ ಥರ. ಒಂದು ಕಂಪನಿಯ ದಿಲ್ಲಿ ಶಾಖೆಯ ಮ್ಯಾನೇಜರ್, ಅವರಿಗೂ ಎರಡು ವರ್ಷದ ಷರತ್ತು. ಕಂಪನಿ ಕೇಳಿದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಕೊಡಲಿಲ್ಲ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲೂ ಇದೇ ಮಾತು ಬಂತು. ಕರಾರಿನ ಅವಧಿ ಮುಗಿದ ಮೇಲೆ ಅವರನ್ನು ಹಳೇ ಕಂಪನಿಗೆ ಕಟ್ಟಿಹಾಕಲು ಆಗದು ಅಂತ.

ಹಾಗಂತ ಸಹಿ ಹಾಕಿದ ಎಲ್ಲವೂ ಕಸ ಅಂತಲ್ಲ. ಈ ವರ್ಷ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದ ತೀರ್ಪು ಬಂತು. ಮೂರು ವರ್ಷ ದುಡಿಯದೆ ಬಿಟ್ಟರೆ 2 ಲಕ್ಷ ಕೊಡಬೇಕು ಅನ್ನುವ ಬಾಂಡ್ ಇತ್ತು. ಅಧಿಕಾರಿ ಮೊದಲೇ ಬಿಟ್ಟು ಬೇರೆ ಬ್ಯಾಂಕ್ ಸೇರಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರ ಇತ್ತು. ಸುಪ್ರೀಂ ಕೋರ್ಟ್ ಬಾಂಡ್ ಸರಿ ಅಂತು. ಅದು ಬೇರೆ ಕಡೆ ಹೋಗುವುದನ್ನು ತಡೆಯುವ ಷರತ್ತಲ್ಲ, ಮಧ್ಯದಲ್ಲಿ ಬಿಟ್ಟರೆ ಹಣ ಕೊಡಿ ಅನ್ನುವ ಷರತ್ತು. ಈ ವ್ಯತ್ಯಾಸ ಗಮನಿಸಿ. ನಿಮ್ಮ ಕಾಗದದಲ್ಲಿ ಬಾಂಡ್ ಏನಾದರೂ ಇದೆಯಾ?

ಇನ್ನೊಂದು, ಇದು ಗಂಭೀರ. ಹಬ್‌ನ ಗಿರಾಕಿಗಳ ಪಟ್ಟಿ, ಮಾರಾಟಗಾರರ ರೇಟು, ಹುಡುಗರ ನಂಬರ್ ಇರುವ ಎಕ್ಸೆಲ್, ಯಾವುದನ್ನೂ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ಮಾಹಿತಿ ನಕಲು ಮಾಡುವುದು ಐಟಿ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ. ಕೆಟ್ಟ ಉದ್ದೇಶದಿಂದ ಮಾಡಿದ್ದು ಅಂತಾದರೆ 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು. ಎದುರು ಕಂಪನಿ ಸೇರಿದ್ದಕ್ಕೆ ನಿಮ್ಮ ಮೇಲೆ ಏನೂ ಮಾಡಲಾಗದವರು ಈ ಒಂದು ಎಳೆ ಸಿಕ್ಕರೆ ಬಿಡುವುದಿಲ್ಲ.

ಬನ್ನಿಮಂಟಪ ಹಬ್ | 13 ಆಗಸ್ಟ್

ಮೇಡಂ, ತುಂಬಾ ಥ್ಯಾಂಕ್ಸ್. ಬಾಂಡ್ ಇತ್ತು. ಟ್ರೈನಿಂಗ್ ಖರ್ಚು 50 ಸಾವಿರ, ಎರಡು ವರ್ಷ. 2024ರ ಜೂನ್‌ಗೆ ಮುಗಿದಿದೆ. ಇವತ್ತು ಕಾಗದ ತೆಗೆದು ನೋಡಿದೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು.

ನಂಜನಗೂಡು ಎಚ್‌ಆರ್ | 13 ಆಗಸ್ಟ್

ನಾನು ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಎಚ್‌ಆರ್. ನಿಮ್ಮ ಬರಹದಲ್ಲಿ ನನಗೆ ಮೊದಲು ಕಂಡಿದ್ದು ದಿನಾಂಕ.

ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಇದೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು, 1972ರ ಕಾಯ್ದೆ. ಕೊನೆಯ ಬೇಸಿಕ್ಕನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ನಿಮ್ಮದು 24 ಸಾವಿರ, ಅಂದರೆ ವರ್ಷಕ್ಕೆ ಸುಮಾರು 13,846. ಈಗ ಮುಖ್ಯ ಮಾತು. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಅದನ್ನು ಪೂರ್ತಿ ವರ್ಷ ಅಂತಲೇ ಲೆಕ್ಕ ಹಿಡಿಯುತ್ತಾರೆ. ನೀವು ಹದಿನೈದು ದಿನದಲ್ಲಿ ಬಿಟ್ಟರೆ ಆರು ವರ್ಷ ಐದು ತಿಂಗಳು ಚಿಲ್ಲರೆ. ಅಂದರೆ ಆರೇ ವರ್ಷ, 83 ಸಾವಿರ ಚಿಲ್ಲರೆ. ಪೂರ್ತಿ ನೋಟಿಸ್ ದುಡಿದರೆ ಅಕ್ಟೋಬರ್‌ಗೆ ಹೋಗುತ್ತದೆ, ಏಳು ವರ್ಷದ ಲೆಕ್ಕ, 96,900 ಚಿಲ್ಲರೆ. ಸೆಪ್ಟೆಂಬರ್ 4 ದಾಟಿದರೆ ಆ ಆರು ತಿಂಗಳು ಆಗಿಬಿಡುತ್ತದೆ. ಒಂದೇ ವಾರದ ಆಚೆ ಈಚೆಯಲ್ಲಿ ಹದಿಮೂರು ಸಾವಿರ ಬಿಟ್ಟುಕೊಡುತ್ತೀರಾ?

ಪಿಎಫ್ ತೆಗೆಯಬೇಡಿ. ಯುಎಎನ್ (ನಿಮ್ಮ ಪಿಎಫ್ ನಂಬರ್) ಅದೇ ಇರಲಿ, ಹೊಸ ಕಂಪನಿಗೆ ವರ್ಗಾಯಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿಮ್ಮದು ಅರ್ಧಕ್ಕಿಂತ ಜಾಸ್ತಿ ಆಗಿದೆ. ಹಣ ತೆಗೆದರೆ ಆ ಎಣಿಕೆ ಕೈಬಿಟ್ಟು ಹೋಗುತ್ತದೆ.

58 ಸಾವಿರ ಅಂದರೆ ಯಾವ 58 ಸಾವಿರ? ಇನ್ಸೆಂಟಿವ್ ಸೇರಿಸಿಯಾ? ಆಫರ್ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಫೋನಿನ ಮಾತು, ವಾಟ್ಸಾಪ್ ಮೆಸೇಜ್ ಇದಕ್ಕೆ ಸಾಲದು. ಅಮ್ಮನ ಇನ್ಶೂರೆನ್ಸ್ ಈಗ ಕಂಪನಿ ಪಾಲಿಸಿಯಲ್ಲಿ ಇದೆಯಾ? ಇದ್ದರೆ ಸಾಮಾನ್ಯವಾಗಿ ಕೊನೆಯ ದಿನಕ್ಕೆ ನಿಂತುಹೋಗುತ್ತದೆ. ಹೊಸ ಕಡೆ ತಂದೆತಾಯಿಯನ್ನು ಸೇರಿಸುತ್ತಾರಾ, ಯಾವ ದಿನದಿಂದ, ಬರಹದಲ್ಲಿ ಕೇಳಿ. ಶುಗರ್ ಇರುವವರಿಗೆ ಹೊರಗೆ ಹೊಸ ಪಾಲಿಸಿ ಮಾಡಿಸಿದರೆ ಆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಹಳೇ ಇನ್‌ಚಾರ್ಜ್ | 14 ಆಗಸ್ಟ್

ಮೂರು ವರ್ಷದ ಹಿಂದೆ ನಾನು ಇದೇ ಮೈಸೂರಿನಲ್ಲಿ ಇದೇ ದಾರಿ ಹಿಡಿದೆ. ಯಾವ ಕಂಪನಿಯಿಂದ ಯಾವ ಕಂಪನಿಗೆ ಅಂತ ಬೇಡ. ನಾನು ಮಾಡಿದ್ದನ್ನು ಹೇಳುತ್ತೇನೆ, ನೀವು ಮಾಡಬೇಡಿ.

ವಿಜಯನಗರದವರು ಹೇಳಿದ ಹಾಗೆ, ಹತ್ತು ದಿನದಲ್ಲಿ ಬಿಟ್ಟೆ. ಏಳು ಹುಡುಗರನ್ನು ಕರೆದುಕೊಂಡು ಹೋದೆ. ಕೊನೆಯ ರಾತ್ರಿ ಕ್ಯಾಶ್ ಹೊಸ ಹುಡುಗನ ಕೈಗೆ ಕೊಟ್ಟೆ. ಎಣಿಸಿದ, ಸರಿ ಇದೆ ಅಂದ, ಡ್ರಾಯರ್‌ಗೆ ಹಾಕಿದ. ನಾನು ಕಾಗದದ ಮೇಲೆ ಸಹಿ ತಗೊಳ್ಳಲಿಲ್ಲ. ಆರು ವಾರ ಆದ ಮೇಲೆ ಮೇಲ್ ಬಂತು. ಕ್ಯಾಶ್ ಕಡಿಮೆ 31,500. ಆರ್‌ಟಿಒ ಬ್ಯಾಗ್‌ನಲ್ಲಿ, ಅಂದರೆ ಗಿರಾಕಿಗೆ ತಲುಪದೆ ಕಳಿಸಿದವರಿಗೇ ವಾಪಸ್ ಹೋಗುವ ಪಾರ್ಸೆಲ್‌ಗಳ ಬ್ಯಾಗ್‌ನಲ್ಲಿ, ಎರಡು ಮೊಬೈಲ್ ಇಲ್ಲ. ಎಲ್ಲ ನನ್ನ ಹೆಸರಲ್ಲಿ. ಆ ಮೊಬೈಲ್‌ಗಳನ್ನು ನಾನೇ ಕೈಯಾರೆ ಬ್ಯಾಗ್‌ಗೆ ಹಾಕಿ ಸೀಲ್ ಒತ್ತಿದ್ದೆ. ಸೀಲ್ ನಂಬರ್ ಬರೆದಿಟ್ಟುಕೊಂಡಿರಲಿಲ್ಲ. ಏನಂತ ಹೇಳಲಿ? ಕೊನೆಯ ಸಂಬಳ ಹೋಯಿತು, ರಿಲೀವಿಂಗ್ ಲೆಟರ್ ಎಂಟು ತಿಂಗಳು ಬರಲಿಲ್ಲ. ಹೊಸ ಕಂಪನಿಯವರು ದಿನಾ ಕೇಳುತ್ತಿದ್ದರು. ಕಳ್ಳ ಅಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆದರೂ ಹಾಗೆ ನೋಡುತ್ತಿದ್ದರು.

ಹುಡುಗರ ವಿಷಯ ಇನ್ನೂ ನೋವು. ನನ್ನ ಮಾತು ನಂಬಿ ಬಂದ ಏಳು ಜನ. ಪಾರ್ಸೆಲ್‌ಗೆ ಇಷ್ಟು ಕೊಡಿಸುತ್ತೇನೆ ಅಂದಿದ್ದೆ. ಎರಡೇ ತಿಂಗಳಿಗೆ ಹೊಸ ಕಂಪನಿ ರೇಟು ಇಳಿಸಿತು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅವರಲ್ಲಿ ಒಬ್ಬ, ಕೆಸರೆ ಹುಡುಗ, ಗಾಡಿ ಕಂತು ಕಟ್ಟಲಾಗದೆ ಬೈಕ್ ಬಿಟ್ಟ. ಈಗಲೂ ಎದುರು ಸಿಕ್ಕರೆ ನಮಸ್ಕಾರ ಅಂತಾನೆ. ನನಗೆ ತಲೆ ಎತ್ತಲು ಆಗುವುದಿಲ್ಲ.

ಹೋಗಿ, ಹೋಗುವುದು ತಪ್ಪಲ್ಲ. ಆದರೆ ಲೆಕ್ಕ ಒಪ್ಪಿಸಿ ಹೋಗಿ, ಒಬ್ಬರೇ ಹೋಗಿ.

ಬೋಗಾದಿ ರೈಡರ್ | 14 ಆಗಸ್ಟ್

ನಾನು ಡೆಲಿವರಿ ಮಾಡುವವನು, ಐದು ವರ್ಷ ಆಯಿತು. ಮೇಲಿನ ಸಾರ್ ಬರೆದಿದ್ದು ಓದಿ ಕಣ್ಣು ತುಂಬಿತು. ನಮ್ಮ ಕಡೆಯಿಂದಲೂ ಒಂದು ಮಾತು.

ಇನ್‌ಚಾರ್ಜ್ ಅಣ್ಣ ಒಳ್ಳೆಯವರಾದರೆ ಅವರ ಹಿಂದೆ ಹೋಗಬೇಕು ಅನ್ನಿಸುವುದು ನಿಜ. ಯಾಕೆ ಗೊತ್ತಾ? ರನ್‌ಶೀಟ್, ಅಂದರೆ ಯಾರಿಗೆ ಯಾವ ಮನೆ ಅನ್ನುವ ದಿನದ ಪಟ್ಟಿ, ಹಂಚುವುದು ಅವರು. ಹತ್ತಿರ ಹತ್ತಿರದ ಮನೆ ಬೀಳುತ್ತದಾ, ಒಂದು ಬೋಗಾದಿ ತುದಿ ಒಂದು ರಿಂಗ್ ರೋಡ್ ಆಚೆ ಬೀಳುತ್ತದಾ ಅನ್ನುವುದು ಅವರ ಕೈಯಲ್ಲಿ. ಅದರ ಮೇಲೆ ನಮ್ಮ ಪೆಟ್ರೋಲ್, ನಮ್ಮ ಊಟದ ಹೊತ್ತು. ಆದರೆ ರೇಟು ಅವರ ಕೈಯಲ್ಲಿ ಇಲ್ಲ. ನಿಮ್ಮ ಒಂಬತ್ತು ಹುಡುಗರಿಗೆ ಇದನ್ನು ಬಿಡಿಸಿ ಹೇಳಿ. ಅವರ ಮೈಸೂರು ರೂಟು ಮಂಡ್ಯದಲ್ಲಿ ಉಪಯೋಗಕ್ಕೂ ಬರುವುದಿಲ್ಲ. ಇಲ್ಲಿ ಯಾವ ಕ್ರಾಸಿನಲ್ಲಿ ಯಾವ ಮನೆ, ಯಾವ ನಾಯಿ ಎಲ್ಲ ಬಾಯಿಪಾಠ. ಅಲ್ಲಿ ಮೊದಲಿಂದ ಶುರು.

ಮೇ ತಿಂಗಳಲ್ಲಿ ಸರ್ಕಾರ ನಮ್ಮಂಥ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ದುಡಿಯುವವರ) ಸುಗ್ರೀವಾಜ್ಞೆ ತಂದಿದೆ. ಕಂಪನಿಗಳಿಂದ ಶೇ 1ರಿಂದ 5ರವರೆಗೆ ಶುಲ್ಕ ತೆಗೆದು ನಮಗೆ ನಿಧಿ ಮಾಡುವುದು. ನೋಂದಣಿ ಆದರೆ ಕಂಪನಿ ಬದಲಾದರೂ ನಂಬರ್ ಒಂದೇ. ರೋಲ್‌ನಲ್ಲಿ ಇಲ್ಲದ ಹುಡುಗರಿಗೆ ಹೋಗುವ ಮುಂಚೆ ಇದನ್ನು ತಿಳಿಸಿಕೊಡಿ ಅಣ್ಣ. ಅದು ನೀವು ಮಾಡಬಹುದಾದ ಉಪಕಾರ.

ವಿಜಯನಗರ 4ನೇ ಹಂತ | 14 ಆಗಸ್ಟ್

ಹಳೇ ಇನ್‌ಚಾರ್ಜ್ ಸಾರ್ ಹೇಳಿದ್ದು ಓದಿ ನನ್ನ ಮಾತು ಅರ್ಧ ವಾಪಸ್ ತಗೊಳ್ಳುತ್ತೇನೆ. ಹುಡುಗರ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಕಂಪನಿಗೆ ಋಣ ಅಂತ ಏನೂ ಇಲ್ಲ ಅನ್ನುವ ಮಾತು ಬಿಡುವುದಿಲ್ಲ. ನೋಟಿಸ್ ದುಡಿಯುವುದು ನಿಮ್ಮ ಹದಿಮೂರು ಸಾವಿರಕ್ಕೆ, ನಿಮ್ಮ ಹೆಸರಿಗೆ. ಅವರಿಗೋಸ್ಕರ ಅಲ್ಲ.

ಹಳೇ ಇನ್‌ಚಾರ್ಜ್ | 14 ಆಗಸ್ಟ್

ಒಪ್ಪುತ್ತೇನೆ.

ಮದ್ದೂರಿನವನು | 15 ಆಗಸ್ಟ್

ಮಂಡ್ಯ ಕಡೆ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಎರಡು ವರ್ಷ ಈ ಭಾಗದಲ್ಲಿ ಸೆಂಟರ್‌ಗಳಿಗೆ ಪಾರ್ಸೆಲ್ ತಲುಪಿಸುವ ಲೈನ್ ಗಾಡಿ ಓಡಿಸಿದ್ದೇನೆ.

ಮೈಸೂರು ಹಬ್ ಮನಸ್ಸಲ್ಲಿಟ್ಟುಕೊಂಡು ಬರಬೇಡಿ. ಇಲ್ಲಿ ವಿಳಾಸ ಅಂದರೆ "ಮಾರಮ್ಮನ ಗುಡಿ ಹಿಂದೆ, ಹಾಲಿನ ಡೇರಿ ಎದುರು". ಗಿರಾಕಿ ಬೆಳಿಗ್ಗೆ ಗದ್ದೆಯಲ್ಲಿರುತ್ತಾರೆ, ಫೋನ್ ಮನೆಯಲ್ಲಿರುತ್ತದೆ. ಓಟಿಪಿ ಹೇಳುವವರು ಯಾರು? ಹುಡುಗ ವಾಪಸ್ ಬರುತ್ತಾನೆ, ಅಟೆಂಪ್ಟ್ ಫೇಲ್ ಅಂತ ಬೀಳುತ್ತದೆ. ಕ್ಯಾಶ್ ಆರ್ಡರ್ ಜಾಸ್ತಿ. ಕಬ್ಬು ಕಡಿಯುವ ಕಾಲಕ್ಕೆ ಟ್ರ್ಯಾಕ್ಟರ್ ಸಾಲು ನಿಂತರೆ ಹಳ್ಳಿ ರಸ್ತೆಯಲ್ಲಿ ಬೈಕೂ ತೂರುವುದಿಲ್ಲ. ಟಾರ್ಗೆಟ್ ಒಪ್ಪುವ ಮುಂಚೆ ನಾಲ್ಕು ಸೆಂಟರಿನ ಹಿಂದಿನ ಮೂರು ತಿಂಗಳ ಫೇಲ್ ಲೆಕ್ಕ ಕೇಳಿ. ಕೊಡದಿದ್ದರೆ ಯೋಚನೆ ಮಾಡಿ.

ಮನೆ ಬದಲಾಯಿಸುವವರೆಗೆ ಓಡಾಟ ಹೇಗೆ? ಬೈಕ್ ಅಂದುಕೊಂಡಿದ್ದರೆ, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ರಾತ್ರಿ ಕ್ಲೋಸಿಂಗ್ ಮುಗಿಸಿ ಆ ರಸ್ತೆಯಲ್ಲಿ ದಿನಾ ಬೇಡ. ರೈಲು ನೋಡಿ, ಇಲ್ಲವೇ ಅಮ್ಮನ ಮನೆಯಲ್ಲೇ ಇರಿ.

ಬನ್ನಿಮಂಟಪ ಹಬ್ | 17 ಆಗಸ್ಟ್

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಹಳೇ ಇನ್‌ಚಾರ್ಜ್ ಸಾರ್ ಬರೆದಿದ್ದನ್ನು ಹೆಂಡತಿಗೂ ಓದಿ ಹೇಳಿದೆ. ಹೊಸಬರಿಗೆ ಫೋನ್ ಮಾಡಿ, ಪೂರ್ತಿ ನೋಟಿಸ್ ದುಡಿದೇ ಬರುತ್ತೇನೆ, ಒಬ್ಬನೇ ಬರುತ್ತೇನೆ ಅಂದೆ. ಐದು ನಿಮಿಷ ಸುಮ್ಮನಿದ್ದು ಆಮೇಲೆ ಮಾಡುತ್ತೇವೆ ಅಂದರು. ಕೆಲಸ ತಪ್ಪಿತು ಅಂದುಕೊಂಡೆ. ಮಾರನೇ ದಿನ ಆಫರ್ ಲೆಟರ್ ಬಂತು. ಖಾತ್ರಿ ಸಂಬಳ 51 ಸಾವಿರ, ಉಳಿದದ್ದು ಇನ್ಸೆಂಟಿವ್. ಎಚ್‌ಆರ್ ಮೇಡಂ ಕೇಳಿ ಅನ್ನದಿದ್ದರೆ ನಾನು 58 ಅಂತಲೇ ಇರುತ್ತಿದ್ದೆ. ಅಮ್ಮನನ್ನು ಪಾಲಿಸಿಗೆ ಸೇರಿಸುತ್ತಾರಂತೆ, ಮೊದಲ ದಿನದಿಂದ.

ನಾಡಿದ್ದು ರಾಜೀನಾಮೆ ಕೊಡುತ್ತೇನೆ. ಕ್ಯಾಶ್ ಕಡಿಮೆ ಅಂತ ಆಮೇಲೆ ಗ್ರಾಚ್ಯುಟಿ ಹಿಡಿಯಬಹುದಾ ವಕೀಲೆ ಮೇಡಂ?

ಮಂಡ್ಯ ವಕೀಲೆ | 17 ಆಗಸ್ಟ್

ನೀವಾಗಿ ರಾಜೀನಾಮೆ ಕೊಟ್ಟು ಹೋದರೆ ಹಾಗೆ ಹಿಡಿಯಲು ಬರುವುದಿಲ್ಲ. ನಷ್ಟ ಮಾಡಿದ ಕಾರಣಕ್ಕೆ ಕೆಲಸದಿಂದ ತೆಗೆದರೆ ಮಾತ್ರ ಆ ನಷ್ಟದಷ್ಟು ಮುರಿಯಬಹುದು. ಆದ್ದರಿಂದ ನೋಟಿಸ್ ಅವಧಿಯಲ್ಲಿ ಯಾವ ಶೋಕಾಸ್ ಬಂದರೂ ಸುಮ್ಮನಿರಬೇಡಿ, ಬರಹದಲ್ಲಿ ಉತ್ತರ ಕೊಡಿ. ಬಿಟ್ಟ ಮೂವತ್ತು ದಿನದಲ್ಲಿ ಗ್ರಾಚ್ಯುಟಿ ಕೊಡಬೇಕು. ರಾಜೀನಾಮೆ ಪತ್ರದಲ್ಲಿ ಎಲ್ಲಿಗೆ ಹೋಗುತ್ತೀರಿ ಅಂತ ಬರೆಯುವ ಅಗತ್ಯ ಇಲ್ಲ. ಕೇಳಿದರೆ ಸುಳ್ಳು ಹೇಳಬೇಡಿ.

ಹಳೇ ಇನ್‌ಚಾರ್ಜ್ | 18 ಆಗಸ್ಟ್

ಕೊನೆಯ ಎರಡು ವಾರ ದಿನಾ ರಾತ್ರಿ ಕ್ಯಾಶ್ ಸ್ಲಿಪ್‌ಗೆ ಇಬ್ಬರ ಸಹಿ ಹಾಕಿಸಿ. ನೋಟು ಎಷ್ಟರದು ಎಷ್ಟು ಅಂತ ಬಿಡಿಸಿ ಬರೆಯಿರಿ. ಆರ್‌ಟಿಒ ಬ್ಯಾಗ್ ಸೀಲ್ ನಂಬರ್ ರಿಜಿಸ್ಟರ್‌ನಲ್ಲಿ ಬರೆದು, ಗಾಡಿ ಡ್ರೈವರ್ ಸಹಿ ಹಾಕಿಸಿ. ದಸರಾ ನಡುವೆ ಬರುತ್ತದೆ, ಆಗಲೇ ಸಾಮಾನು ಕಳೆಯುವುದು. ಸ್ಕ್ಯಾನರ್, ಲ್ಯಾಪ್‌ಟಾಪ್, ಬೀಗದ ಕೈ, ಸಿಮ್, ಒಂದೊಂದಕ್ಕೂ ಕೊಟ್ಟ ದಿನ ಬರೆಸಿಕೊಳ್ಳಿ.

ಬನ್ನಿಮಂಟಪ ಹಬ್ | 26 ಅಕ್ಟೋಬರ್

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ರಾಜೀನಾಮೆ ಕೊಟ್ಟ ದಿನ ಏರಿಯಾ ಮ್ಯಾನೇಜರ್ ಮತ್ತೆ ಕೇಸ್ ಅಂದರು. "ಸಾರ್, ಲೆಕ್ಕ ಪೂರ್ತಿ ಒಪ್ಪಿಸಿ ಹೋಗ್ತೀನಿ, ಒಬ್ಬ ಹುಡುಗನನ್ನೂ ಕರೆಯಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಆ ಮಾತು ಬರಲಿಲ್ಲ.

ದಸರಾ ಕಷ್ಟವಾಯಿತು. ಸೇಲೂ ಅದೇ ಹೊತ್ತಿಗೆ ಬಂತು. ಅಕ್ಟೋಬರ್ 2, ಜಂಬೂ ಸವಾರಿ ದಿನ. ಅರಮನೆಯಿಂದ ಬನ್ನಿಮಂಟಪಕ್ಕೆ ರಸ್ತೆ ಬಂದ್, ನಮ್ಮ ಹಬ್ ಅದೇ ಕೊನೆಯಲ್ಲಿ. ಒಂದು ಗಾಡಿಯೂ ಓಡಲಿಲ್ಲ. ಒಳಗೆ ಪಾರ್ಸೆಲ್ ಸೊಂಟದೆತ್ತರ. ಹುಡುಗರನ್ನೆಲ್ಲ ಮೆರವಣಿಗೆ ನೋಡಲು ಕಳಿಸಿ, ನಾನೂ ಹೊಸ ಇನ್‌ಚಾರ್ಜೂ ಕೂತು ಆರ್‌ಟಿಒ ಎಲ್ಲ ಸ್ಕ್ಯಾನ್ ಮಾಡಿದೆವು. ಸಿಸ್ಟಂನಲ್ಲಿ 212, ಕೈಯಲ್ಲಿ 211. ಎರಡು ಗಂಟೆ ಹುಡುಕಿದೆವು. ಒಂದು ಚಿಕ್ಕ ಕವರ್, ತೂಕದ ಯಂತ್ರದ ಕೆಳಗೆ ಸೇರಿಕೊಂಡಿತ್ತು. ಒಳಗೆ ಮಗುವಿನ ಗೆಜ್ಜೆ ಇರಬೇಕು, ಅಲ್ಲಾಡಿಸಿದರೆ ಸದ್ದು. ಅದು ಸಿಗದೆ ಹೋಗಿದ್ದರೆ ನನ್ನ ಹೆಸರಲ್ಲೇ ಬೀಳುತ್ತಿತ್ತು. ಹಳೇ ಇನ್‌ಚಾರ್ಜ್ ಸಾರ್, ಆವತ್ತು ನಿಮ್ಮನ್ನು ನೆನೆಸಿಕೊಂಡೆ.

18ನೇ ತಾರೀಕು ಕೊನೆಯ ದಿನ. ಒಂಬತ್ತು ಹುಡುಗರನ್ನು ಕೂರಿಸಿ ರೇಟಿನ ವಿಷಯ ನಿಜ ಹೇಳಿದ್ದೆ. ಎಂಟು ಜನ ಇಲ್ಲೇ ಉಳಿದರು. ಒಬ್ಬ ಪಾಂಡವಪುರದವನು, ಅವನ ಊರೇ ಅದು. ತಾನಾಗಿ ಅರ್ಜಿ ಹಾಕುತ್ತೇನೆ ಅಂದ. ಶಿಫಾರಸು ಮಾಡಲ್ಲ, ತಡೆಯುವುದೂ ಇಲ್ಲ ಅಂದೆ. ಇದು ಸರಿಯಾ ತಪ್ಪಾ ನನಗೆ ಇನ್ನೂ ಪೂರ್ತಿ ತಿಳಿದಿಲ್ಲ.

ಈಗ ಮಂಡ್ಯದಲ್ಲಿದ್ದೇನೆ, ಅಮ್ಮನ ಮನೆಯಲ್ಲಿ. ಫೇಲ್ ಲೆಕ್ಕ ಮದ್ದೂರಿನವರು ಹೇಳಿದ ಹಾಗೇ ಇದೆ. ಮೊದಲು ಮಾಡಿದ್ದು ಒಂದೇ ಬದಲಾವಣೆ. ಹಳ್ಳಿ ರೂಟು ಬೆಳಿಗ್ಗೆ ಹನ್ನೊಂದಕ್ಕೆ ಹೊರಡುತ್ತಿತ್ತು, ಸಂಜೆ ನಾಲ್ಕಕ್ಕೆ ಇಟ್ಟೆ. ಗದ್ದೆಯಿಂದ ಜನ ವಾಪಸ್ ಬಂದಿರುತ್ತಾರೆ.

ನಂಜನಗೂಡು ಎಚ್‌ಆರ್ | 26 ಅಕ್ಟೋಬರ್

ಓದಿ ಖುಷಿಯಾಯಿತು. ಗ್ರಾಚ್ಯುಟಿ ಬಂದ ಮೇಲೆ ಏಳು ವರ್ಷಕ್ಕೆ ಲೆಕ್ಕ ಹಾಕಿದ್ದಾರಾ ನೋಡಿ, ಆರಕ್ಕೆ ಹಾಕುವವರು ಇದ್ದಾರೆ.

ನಂಜನಗೂಡು ಎಚ್‌ಆರ್ | 24 ನವೆಂಬರ್

ಮುಂದೆ ಈ ಚರ್ಚೆ ಓದುವವರಿಗೆ. ಇದೇ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ರಾಜೀನಾಮೆ ಕೊಟ್ಟು ಹೋದವರ ಬಾಕಿ ವೇತನ ಎರಡು ಕೆಲಸದ ದಿನದಲ್ಲಿ ಕೊಡಬೇಕು ಅಂತ ವೇತನ ಸಂಹಿತೆಯಲ್ಲಿದೆ. ಆರು ವಾರ ಎಂಟು ವಾರ ಕಾಯಿಸುವ ಕಂಪನಿಗಳಿಗೆ ಇದನ್ನು ತೋರಿಸಿ.

ಬನ್ನಿಮಂಟಪ ಹಬ್ | 25 ನವೆಂಬರ್

ನನ್ನದು ಕಳೆದ ವಾರ ಬಂತು ಮೇಡಂ. ಮೊದಲು ಆರು ವರ್ಷಕ್ಕೇ ಹಾಕಿದ್ದರು. ಮೇಲ್ ಮಾಡಿದೆ, ಏಳಕ್ಕೆ ತಿದ್ದಿ ಕೊಟ್ಟರು. ರಿಲೀವಿಂಗ್ ಲೆಟರೂ ಕೈಗೆ ಬಂದಿದೆ. ಅಮ್ಮ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ದಾರೆ, ಸ್ಕ್ಯಾನ್ ಮಾಡಿ ಹೊಸ ಆಫೀಸಿಗೆ ಕಳಿಸಬೇಕು, ಮೂಲೆಯಲ್ಲಿ ಕೆಂಪು ಕಾಣುತ್ತದೆ. ನಡೆಯುತ್ತದಾ?

ನಂಜನಗೂಡು ಎಚ್‌ಆರ್ | 25 ನವೆಂಬರ್

ನಡೆಯುತ್ತದೆ. ಸಹಿ, ದಿನಾಂಕ ಕಂಡರೆ ಸಾಕು.